ಕಾರವಾರದ ಮಳೆಗೆ ತಾಳುವ ನೆಲ ಮತ್ತು ಹಾಸು

ನೀವು ಕೇಳಿದ್ದು ಇಷ್ಟು: ಕಾರವಾರದಲ್ಲಿ, ಸಮುದ್ರಕ್ಕೆ ಒಂದು ಕಿಲೋಮೀಟರ್ ಒಳಗೇ, ಒಂದು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೀರಿ, ಬೆಂಗಳೂರಿನ ಬಂಧುಗಳ ಫ್ಲ್ಯಾಟಿನಲ್ಲಿ ಕಂಡಂತೆ ಹಾಲ್‌ಗೆ ಕನ್ನಡಿಯಂತೆ ಹೊಳೆಯುವ ದೊಡ್ಡ ಟೈಲ್ಸ್, ಮಲಗುವ ಕೋಣೆಗೆ ಮರದ ನೆಲ, ಓದುವ ಕೋಣೆಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸುವ ಆಸೆಯಿದೆ, ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯವರಿದ್ದಾರೆ, ಇವುಗಳಲ್ಲಿ ಯಾವುದು ಈಗಿನ ರೂಢಿ, ಯಾವುದು ನಮ್ಮ ಕಡೆ ಬಾಳುತ್ತದೆ ಎಂಬುದು ಪ್ರಶ್ನೆ. ನಾನು ಕಾರವಾರ, ಅಂಕೋಲಾ, ಕುಮಟಾ ಕಡೆ ಇಪ್ಪತ್ತು ವರ್ಷಗಳಿಂದ ಮನೆ ಕಟ್ಟುವ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದೇನೆ. ಕಾರ್ಪೆಟ್ಟನ್ನು ಅಂಟಿಸುವ ಯೋಚನೆಯನ್ನು ಪೂರ್ತಿ ಬಿಡಿ, ಹೊಳಪಿನ ಟೈಲ್ಸ್ ಬದಲು ಮ್ಯಾಟ್ ಟೈಲ್ಸ್ ತೆಗೆದುಕೊಳ್ಳಿ, ಮರದ ನೆಲವನ್ನು ಪರೀಕ್ಷೆ ಮಾಡದೆ ಹಾಕಿಸಬೇಡಿ, ಮತ್ತು ಕಣ್ಣಿಗೆ ಕಾಣುವ ಪದರಕ್ಕಿಂತ ಅದರ ಅಡಿಯ ಕೆಲಸಕ್ಕೆ ಹೆಚ್ಚು ಹಣ ಇಡಿ ಎಂಬುದು ನನ್ನ ಸಲಹೆ.

ನಮ್ಮ ಕಡೆ ನೆಲಕ್ಕೆ ನೀರು ಎರಡು ದಾರಿಯಿಂದ ಬರುತ್ತದೆ. ಮೊದಲನೆಯದು ಕೆಳಗಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭೂಮಿ ನೀರು ಕುಡಿದು ನಿಂತಿರುವಾಗ ಆ ತೇವವು ಚಿರೆಕಲ್ಲಿನ ಪಾಯ, ಅದರೊಳಗಿನ ಮಣ್ಣಿನ ಭರ್ತಿ, ಅದರ ಮೇಲಿನ ಕಾಂಕ್ರೀಟ್ ಎಲ್ಲವನ್ನೂ ದಾಟಿ, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಮೇಲೇರುತ್ತದೆ. ಎರಡನೆಯದು ಗಾಳಿಯಿಂದ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಸೆಕೆಯೂ ಶೇಕಡಾ 85ರಷ್ಟು ಆರ್ದ್ರತೆಯೂ ಇದ್ದರೆ, ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲೂ ಹನಿ ಕಟ್ಟುತ್ತದೆ. ಭೂಮಿಗೆ ಅಂಟಿಕೊಂಡ ಟೈಲ್ಸ್ ನೆಲ ಅಷ್ಟು ತಣ್ಣಗಿರುವುದು ಅಪರೂಪವಲ್ಲ. ನೆಲ ಬೆವರುತ್ತದೆ ಎಂದು ಹಿರಿಯರು ಹೇಳುವುದು ಇದನ್ನೇ. ಎಷ್ಟೋ ಮನೆಯವರು ಇದನ್ನು ಸೋರಿಕೆಯೆಂದು ಭಾವಿಸಿ ಪೈಪುಗಳನ್ನು ಒಡೆಸಿ ನೋಡಿದ್ದಾರೆ. ಅಂಥ ಹೊತ್ತಿನಲ್ಲಿ ಕಿಟಕಿ ತೆರೆದಿಟ್ಟರೆ ಬೆವರು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಿಟಕಿ ಮುಚ್ಚಿ ಫ್ಯಾನ್ ಹಾಕಬೇಕು, ಎಸಿ ಇದ್ದರೆ ಅದರ ಡ್ರೈ ಮೋಡ್ ಬಳಸಬೇಕು. ಕನ್ನಡಿ ಹೊಳಪಿನ ಟೈಲ್ಸ್ ಮೇಲೆ ಈ ತೆಳುವಾದ ನೀರು ಕಣ್ಣಿಗೆ ಬೀಳುವುದೇ ಇಲ್ಲ. ನಿಮ್ಮ ಅತ್ತೆಯವರು ರಾತ್ರಿ ಬಚ್ಚಲಿಗೆ ಏಳುವ ದಾರಿಯಲ್ಲಿ ಅಂಥ ಟೈಲ್ಸ್ ಇರಲೇಬಾರದು.

ಕೆಳಗಿನಿಂದ ಬರುವ ತೇವದ ವಿಷಯದಲ್ಲಿ ನಾನೇ ಒಮ್ಮೆ ಸೋತಿದ್ದೇನೆ. ನಮ್ಮ ಮನೆಯ ನೆಲಮಟ್ಟದ ಒಂದು ಕೋಣೆಗೆ, ಮಗಳ ಆಸೆಯಂತೆ, ಲ್ಯಾಮಿನೇಟ್ ಮರದ ನೆಲ ಹಾಕಿಸಿದೆ. ನೀರಿಗೆ ಏನೂ ಆಗುವುದಿಲ್ಲವೆಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಲ್ಯಾಮಿನೇಟಿನ ತಿರುಳು ಒತ್ತಿ ಮಾಡಿದ ಮರದ ನಾರಿನ ಹಲಗೆ. ಅದು ತೇವ ಹೀರಿ ಉಬ್ಬುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಜೋಡಣೆಗಳು ಎದ್ದವು. ಒಂದು ಹಲಗೆ ಕಿತ್ತು ನೋಡಿದರೆ ಅಡಿಯ ಫೋಮ್ ಹಾಳೆಯ ತುಂಬ ಬೂಸ್ಟು, ಮೂಲೆಯಲ್ಲಿ ಒರಲೆಯ ಮಣ್ಣು. ಅಂದಿನಿಂದ ಪರೀಕ್ಷೆಯಿಲ್ಲದೆ ಯಾರ ಮನೆಯಲ್ಲೂ ಆ ಕೆಲಸಕ್ಕೆ ಒಪ್ಪಿಲ್ಲ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟ್ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ ಅಥವಾ ಅಲ್ಲಿನ ಕಾಂಕ್ರೀಟ್ ಕಪ್ಪಾಗಿ ಕಂಡರೆ ನೆಲ ಇನ್ನೂ ಒಣಗಿಲ್ಲ. ಇದನ್ನು ಬೇಸಿಗೆಯಲ್ಲಿ ಮಾತ್ರ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿಯೂ ಒಮ್ಮೆ ಮಾಡಿ. ಭರ್ತಿಯ ಮೇಲೆ ಕಾಂಕ್ರೀಟ್ ಇನ್ನೂ ಬಿದ್ದಿಲ್ಲವಾದರೆ ನಿಮ್ಮ ಅದೃಷ್ಟ ಒಳ್ಳೆಯದು: ಮೊದಲು ದಪ್ಪ ಪಾಲಿಥೀನ್ ಹಾಳೆಯನ್ನು ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿಸಿ, ಗೋಡೆಯ ಬದಿಗೆ ಸ್ವಲ್ಪ ಮೇಲಕ್ಕೆ ಮಡಿಸಿ, ಆಮೇಲೆ ಕಾಂಕ್ರೀಟ್ ಹಾಕಿಸಿ. ಇಡೀ ಮನೆಯ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣ ಮೊತ್ತ, ಆದರೆ ನೆಲ ಮುಗಿದ ಮೇಲೆ ಯಾವ ಹಣ ಕೊಟ್ಟರೂ ಅದನ್ನು ಅಡಿಗೆ ಸೇರಿಸಲಾಗದು.

ಶಿರಸಿ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಮರದ ನೆಲ ತಲೆಮಾರುಗಟ್ಟಲೆ ಬಾಳಿದೆಯಲ್ಲ ಎಂದು ನೀವು ಕೇಳಬಹುದು. ಬಾಳಿರುವುದು ನಿಜ, ಆದರೆ ಅಲ್ಲಿ ಹಲಗೆ ಇದ್ದದ್ದು ಮಾಳಿಗೆಯಲ್ಲಿ, ತೊಲೆಗಳ ಮೇಲೆ, ಅಡಿಯಲ್ಲಿ ಗಾಳಿಯಾಡುವಂತೆ. ಕೆಳಗಿನ ಜಗುಲಿಗೂ ನಡುಮನೆಗೂ ಸಗಣಿ ಸಾರಿಸಿದ ಮಣ್ಣಿನ ನೆಲವೋ ಕೆಂಪು ಗಾರೆಯೋ ಇರುತ್ತಿತ್ತು. ಮರದ ನೋಟವೇ ಬೇಕೆಂದರೆ ಈಗ ಮರದ ಎಳೆಗಳನ್ನು ಅಚ್ಚೊತ್ತಿದ, 200 ಮಿಲಿಮೀಟರ್ ಅಗಲ, 1200 ಮಿಲಿಮೀಟರ್ ಉದ್ದದ ಹಲಗೆಯಾಕಾರದ ಟೈಲ್ಸ್ ಸಿಗುತ್ತದೆ. ಕರಾವಳಿಗೆ ನಾನು ಮೊದಲು ಹೇಳುವುದು ಅದನ್ನೇ. ಕಾಲಿಗೆ ತಣ್ಣಗೆ ಹತ್ತಬಾರದು ಎಂದರೆ ಎಸ್‌ಪಿಸಿ ಹಲಗೆಯಿದೆ. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ ಅದು ನೀರಿಗೆ ಉಬ್ಬುವುದಿಲ್ಲ. ಆದರೂ ಅದರ ಅಡಿಗೆ ಸೇರಿದ ನೀರು ಅಲ್ಲೇ ಉಳಿದು ವಾಸನೆ ಬರಿಸುತ್ತದೆ. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ಕಡೆ ಹಿಗ್ಗಿ ಏಳುತ್ತದೆ.

ಟೈಲ್ಸ್ ವಿಷಯದಲ್ಲಿ ಈಗಿನ ಒಲವು ನಿಮಗೆ ಅನುಕೂಲವಾಗಿಯೇ ಇದೆ. ಅಚ್ಚ ಬಿಳಿಯ ಹೊಳಪಿನಿಂದ ಜನ ಮಣ್ಣಿನ ಬಣ್ಣ, ಬೂದು, ಕಲ್ಲಿನ ಮೈಯಂಥ ಮ್ಯಾಟ್ ಟೈಲ್ಸ್ ಕಡೆಗೆ ಬರುತ್ತಿದ್ದಾರೆ. ಗಾತ್ರ ಎರಡಡಿ ಚೌಕದಿಂದ 600 × 1200 ಮಿಲಿಮೀಟರಿಗೆ, ಅದಕ್ಕೂ ಮೇಲಕ್ಕೆ ಹೋಗಿದೆ. ಪೆಟ್ಟಿಗೆಯ ಮೇಲೆ ಆರ್ 9ರಿಂದ ಆರ್ 13ರವರೆಗಿನ ಗುರುತಿದ್ದರೆ ಗಮನಿಸಿ: ಅಂಕಿ ಹೆಚ್ಚಿದಷ್ಟೂ ಜಾರುವುದು ಕಡಿಮೆ. ಒಳಗೆ ಆರ್ 10, ಬಚ್ಚಲು ಮತ್ತು ಹೊರ ಜಗುಲಿಗೆ ಆರ್ 11 ಕೇಳಿ. ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಬಿಸಿಯಲ್ಲಿ ಸುಟ್ಟು ಗಾಜಿನಂತೆ ಬಿಗಿಯಾದ ಟೈಲ್ಸ್, ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ, ಅದೇ ಕಾರಣಕ್ಕೆ ಬರಿಯ ಸಿಮೆಂಟ್ ಹಾಲು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಟೈಲ್ಸ್ ಗಮ್ಮನ್ನೇ ಬಳಸಿಸಿ, ಹಿಂಬದಿಗೆ ಪೂರ್ತಿ ಹಚ್ಚಿಸಿ, ನಡುವೆ ಸಂದು ಉಳಿಸುವ 2 ಮಿಲಿಮೀಟರ್ ಸ್ಪೇಸರ್ ಇಡಿಸಿ, ಗೋಡೆಯ ಬದಿಗೆ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮುಚ್ಚುವಷ್ಟು ಸಂದು ಬಿಡಿಸಿ. ಸಂದಿಲ್ಲದೆ ಒತ್ತೊತ್ತಾಗಿ ಕೂರಿಸಿದ ಟೈಲ್ಸ್ ಏಪ್ರಿಲ್ ಸೆಕೆಯಲ್ಲಿ ಹಿಗ್ಗಿ ಸದ್ದು ಮಾಡಿ ಮೇಲೇಳುವುದನ್ನು ನಾನು ಎರಡು ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾರ್ಬಲ್ ನಮ್ಮ ಅಡುಗೆಮನೆಗೆ ಸಲ್ಲದು. ಮುರುಗಲ ಹುಳಿ, ಹುಣಸೆ, ಲಿಂಬೆ ಬಿದ್ದಲ್ಲಿ ಅದರ ಮೈ ಸವೆದು ಮಂಕಾಗುತ್ತದೆ.

ಕೆಂಪು ಗಾರೆ, ಅಂದರೆ ರೆಡ್ ಆಕ್ಸೈಡ್ ನೆಲ, ಈಗ ಮತ್ತೆ ಬೇಡಿಕೆಗೆ ಬಂದಿರುವುದು ನನಗೆ ತುಂಬ ಸಂತೋಷ ಕೊಟ್ಟಿದೆ. ಶಿರಸಿಯ ನನ್ನ ಅಜ್ಜನ ಮನೆಯ ಜಗುಲಿ ಇಂದಿಗೂ ಹಾಗೆಯೇ ಇದೆ; ದಿನವೂ ಒರೆಸಿ, ಆಗಾಗ ತೆಂಗಿನೆಣ್ಣೆಯ ಬಟ್ಟೆ ಆಡಿಸಿ ಅದರ ಬಣ್ಣ ವರ್ಷದಿಂದ ವರ್ಷಕ್ಕೆ ಆಳವಾಗಿದೆ. ಆದರೆ ಅದು ಕೈಯ ಕೆಲಸ: ಒಂದು ಕೋಣೆಯನ್ನು ಒಂದೇ ಬೀಸಿಗೆ ಮುಗಿಸದಿದ್ದರೆ ಬಣ್ಣ ಎರಡಾಗುತ್ತದೆ, ಮುಗಿದ ಮೇಲೆ ಒಂದು ವಾರ ನೀರು ಕಟ್ಟಿ ನಿಲ್ಲಿಸದಿದ್ದರೆ ಬಿರುಕು ಬಿಡುತ್ತದೆ. ಬಲ್ಲ ಗಾರೆಯವರು ಸಿಕ್ಕರೆ, ಅವರು ಹಿಂದೆ ಮಾಡಿದ ನೆಲವನ್ನು ನೋಡಿ ಬಂದು, ನಿಮ್ಮ ಓದುವ ಕೋಣೆಗೆ ಇದನ್ನೇ ಮಾಡಿಸಿ.

ಕಾರ್ಪೆಟ್ಟಿನ ಮೃದುತ್ವ ಬೇಕಿದ್ದರೆ ಎತ್ತಿಡಬಹುದಾದ ಹಾಸನ್ನೇ ತನ್ನಿ. ಅಂಟಿಸಿದ ಕಾರ್ಪೆಟ್ ಮಳೆಗಾಲದ ನಾಲ್ಕು ತಿಂಗಳು ಒಣಗುವುದೇ ಇಲ್ಲ, ಧೂಳುನುಸಿ ಮತ್ತು ಬೂಸ್ಟಿಗೆ ಮನೆಯಾಗುತ್ತದೆ. ಉಬ್ಬಸ ಇರುವವರಿಗೆ ಅದು ಕೆಡುಕು. ಅಂಟಿನ ಬೆನ್ನಿರುವ ಟಫ್ಟೆಡ್ ಹಾಸುಗಳೂ ಬೇಡ: ಸೆಕೆ ಮತ್ತು ತೇವಕ್ಕೆ ಆ ಅಂಟು ಪುಡಿಯಾಗಿ ಉದುರುತ್ತದೆ. ಸೆಣಬು ಕೊಳೆಯುತ್ತದೆ, ತೆಂಗಿನ ನಾರು ಹೆಚ್ಚು ತಾಳುತ್ತದೆ. ಪಕ್ಕದ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ನೇಯುವ, ಭೌಗೋಳಿಕ ಗುರುತು ಪಡೆದ ಹತ್ತಿಯ ಜಮಖಾನ ನನ್ನ ಆಯ್ಕೆ. ಅಂಟಿನ ಬೆನ್ನಿಲ್ಲ, ಎರಡೂ ಬದಿಗೆ ಗಾಳಿ ಬಿಸಿಲು ತೋರಿಸಬಹುದು, ಮೇ ಕೊನೆಗೆ ಒಣಗಿಸಿ ಸುತ್ತಿ ಕಪಾಟಿನ ಮೇಲಿಟ್ಟು ನವರಾತ್ರಿಯ ಹೊತ್ತಿಗೆ ಮತ್ತೆ ಹಾಸಬಹುದು. ಅತ್ತೆಯವರು ಓಡಾಡುವ ಕಡೆ ಮಾತ್ರ ಯಾವ ಹಾಸೂ ಬೇಡ. ಮಡಿಸಿದ ಅಂಚಿಗೆ ಕಾಲು ತೊಡರುತ್ತದೆ.

ಭರ್ತಿಯ ಮೇಲಿನ ಕಾಂಕ್ರೀಟ್ ಮುಗಿದಿದೆಯೇ, ಅಡಿಯಲ್ಲಿ ಹಾಳೆ ಹಾಸಿದ್ದರೇ ಎಂಬುದನ್ನು ನೀವು ಬರೆದಿಲ್ಲ. ಅದನ್ನು ತಿಳಿಸಿದರೆ ಮಲಗುವ ಕೋಣೆಗೆ ಎಸ್‌ಪಿಸಿ ಹಾಕಬಹುದೇ ಎಂದು ನಿಶ್ಚಿತವಾಗಿ ಹೇಳುತ್ತೇನೆ.