ಪ್ರೋಟೋಕಾಲ್‌ಗೆ ಸ್ವಂತ ಭಾಷೆ ಕಟ್ಟೋ ಮುಂಚೆ

ಎರಡು ಮೈಕ್ರೋಕಂಟ್ರೋಲರ್ ಬೋರ್ಡ್‌ಗಳು (ಪುಟ್ಟ ಕಂಪ್ಯೂಟರ್‌ಗಳು) ಸೀರಿಯಲ್ ತಂತಿಯಲ್ಲಿ ಮಾತಾಡೋ ನಿಯಮಗಳನ್ನ, ಅಂದ್ರೆ ಪ್ರೋಟೋಕಾಲನ್ನ, ಬರೆಯೋಕೆ ಒಂದು ಪುಟ್ಟ ಭಾಷೆ ಕಟ್ಟಿ, ಅದರಿಂದ ಸಿ ಕೋಡ್ ತೆಗೀಬೇಕು ಅಂತಿದ್ದೀರಿ. ಬೇಡ ಅನ್ನಲ್ಲ. ಆದರೆ ನೀವು ಹಾಕಿರೋ ಮಾದರಿಯಲ್ಲಿ ಸಂದೇಶದ ಆಕಾರ ಬಿಟ್ಟು ಬೇರೇನೂ ಇಲ್ಲ: ಮೊದಲ ಬೈಟ್ ಏನು, ಎರಡನೇದು ಏನು, ಅಷ್ಟೇ. ಅದು ಸುಲಭದ ಅರ್ಧ.

ಆ ಅರ್ಧಕ್ಕೆ ಸಿದ್ಧ ಸಾಮಾನು ಬೇಕಾದಷ್ಟಿದೆ. ಸಂದೇಶದ ಆಕಾರ ಬರೆದಿಡೋ ಎಎಸ್‌ಎನ್.1 ಅನ್ನೋ ಮಾನಕ 1984ರಿಂದಲೇ ಇದೆ, ಅದೇ ಕೆಲಸದ ಗೂಗಲ್‌ನ ಪ್ರೋಟೋಕಾಲ್ ಬಫರ್ಸ್ 2008ರಲ್ಲಿ ಹೊರಗೆ ಬಂತು, ಚಿಕ್ಕ ಬೋರ್ಡಿಗೆ ಅದರ ಪುಟ್ಟ ರೂಪ ನ್ಯಾನೋಪಿಬಿ ಸಾಕು. ಸ್ವಂತದ್ದೇ ಬೇಕಂದ್ರೂ ವ್ಯಾಕರಣ, ಅದರ ಪ್ರಕಾರ ಓದಿ ಬಿಡಿಸೋ ಪಾರ್ಸರ್ ಅಂತ ಹೋಗಬೇಡಿ. ಪ್ರತಿ ಫೀಲ್ಡ್‌ನ (ಸಂದೇಶದ ಒಂದೊಂದು ಭಾಗದ) ಹೆಸರು, ಅಗಲ, ಮಿತಿ ಇರೋ ಒಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಸಾದಾ ಕೋಷ್ಟಕ) ಇಟ್ಕೊಳ್ಳಿ, ಪೈಥಾನ್ ಸ್ಕ್ರಿಪ್ಟ್ ಅದನ್ನೋದಿ ಎರಡೂ ಕಡೆಯ ಕೋಡ್ ಬರೆಯಲಿ. ಉದ್ದ ಹೇಳೋ ಫೀಲ್ಡ್‌ನ ತಪಾಸಣೆ ಮಾತ್ರ ಸ್ಕ್ರಿಪ್ಟೇ ಹಾಕಬೇಕು, ಅದನ್ನ ಕೈಯಲ್ಲಿ ಬರೆಯೋಕೆ ಬಿಡಬೇಡಿ. ಇಷ್ಟು ಬೈಟ್ ಇದೆ ಅಂತ ಹೇಳ್ಕೊಂಡು ಬಂದದ್ದರಲ್ಲಿ ನಿಜವಾಗಿ ಎಷ್ಟಿದೆ ಅಂತ ನೋಡದೇ ಇದ್ದದ್ದರಿಂದಲೇ ಹುಟ್ಟಿದ್ದು ಹಾರ್ಟ್‌ಬ್ಲೀಡ್, 2014ರಲ್ಲಿ ಬಯಲಾದ ಭದ್ರತಾ ದೋಷ. ಒಂದೊಂದು ಕೋರಿಕೆಗೆ 64 ಕಿಲೋಬೈಟ್ ತನಕ ಸರ್ವರ್ ಮೆಮೊರಿ ಸೋರುತ್ತಿತ್ತು.

ಕಷ್ಟ ಇರೋದು ಯಾರು ಯಾವಾಗ ಏನು ಹೇಳಬೇಕು ಅನ್ನೋದರಲ್ಲಿ. ನಾನೊಮ್ಮೆ ಮೋಟಾರಿಗೆ "10 ಹೆಜ್ಜೆ ತಿರುಗು" ಅಂತ ಕಳಿಸ್ತಿದ್ದೆ. ಅದು ತಿರುಗ್ತು, ಆದರೆ ಉತ್ತರ ದಾರಿಯಲ್ಲೇ ಕಳೆದುಹೋಯ್ತು. ಕಳಿಸೋ ಬೋರ್ಡ್ ಕಾದು, ಅದೇ ಆದೇಶ ಮತ್ತೆ ಕಳಿಸ್ತು. 20 ಹೆಜ್ಜೆ! ಚೆಕ್‌ಸಮ್ (ಸಂದೇಶ ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡೋ ಲೆಕ್ಕ) ತಪ್ಪಿರಬೇಕು ಅಂತ ಎಷ್ಟು ದಿನ ಹುಡುಕಿದ್ನೋ, ಅದರ ತಪ್ಪೇ ಇರಲಿಲ್ಲ.

ಮದ್ದು 1969ರಷ್ಟು ಹಳೇದು, ಆಲ್ಟರ್ನೇಟಿಂಗ್ ಬಿಟ್. ಪ್ರತಿ ಹೊಸ ಆದೇಶಕ್ಕೂ ಒಂದು ಬಿಟ್ ಮಗುಚಿ (0 ಇದ್ರೆ 1, 1 ಇದ್ರೆ 0) ಕಳಿಸಿ. ಅದೇ ಬಿಟ್ ಮತ್ತೆ ಬಂದ್ರೆ ಕೆಲಸ ಮಾಡಬೇಡಿ, ಉತ್ತರ ಮಾತ್ರ ಮತ್ತೆ ಕೊಡಿ. ನಾನು ಮೊದಲು ಉತ್ತರವನ್ನೂ ನುಂಗಿಹಾಕಿದ್ದೆ, ಕಳಿಸೋ ಕಡೆಯವನು ಕಾಯ್ತಾನೇ ಕೂತ. ಇನ್ನೊಂದು ಹೊಂಡ ರೀಸೆಟ್: ಕಳಿಸೋ ಬೋರ್ಡ್ ಮರುಚಾಲೂ ಆಗಿ ಬಿಟ್ 0ಗೆ ಬಂದಾಗ ಆ ಕಡೆಯದು 1ಕ್ಕೆ ಕಾಯ್ತಿದ್ರೆ, ಹೊಸ ಆದೇಶವನ್ನ ಹಳೇದು ಅಂದ್ಕೊಂಡು ಸದ್ದಿಲ್ಲದೆ ಬಿಟ್ಟುಬಿಡುತ್ತೆ, ಆಯ್ತು ಅಂತ ಉತ್ತರ ಬೇರೆ ಕೊಡುತ್ತೆ.

ಅದಕ್ಕೇ ನಿಮ್ಮ ಭಾಷೆಯಲ್ಲಿ ಸ್ಥಿತಿಗಳು (ಬೋರ್ಡ್ ಈಗ ಏನಕ್ಕೆ ಕಾಯ್ತಿದೆ ಅನ್ನೋದು) ಇರಲಿ. ಒಂದು ಪಟ್ಟಿ ಮಾಡಿ: ಸಾಲಿಗೊಂದು ಸ್ಥಿತಿ, ಕಂಬಕ್ಕೊಂದು ಸಂದೇಶ, ಜೊತೆಗೆ ಟೈಮ್‌ಔಟ್ (ಕಾಯೋ ಸಮಯ ಮುಗಿಯೋದು), ರೀಸೆಟ್, ಕೆಟ್ಟ ಚೆಕ್‌ಸಮ್, ಇವಕ್ಕೂ ಒಂದೊಂದು ಕಂಬ; ಮನೆಯೊಳಗೆ ಆಗ ಏನು ಮಾಡಬೇಕು ಅಂತ. ಒಂದು ಮನೆ ಖಾಲಿ ಬಿಟ್ರೂ ಕೋಡ್ ಹುಟ್ಟಬಾರದು, ತಪ್ಪು ತೋರಿಸಿ ನಿಲ್ಲಬೇಕು. ನನ್ನ ಪ್ರಕಾರ ಹೊಸ ಭಾಷೆ ಕಟ್ಟೋ ಶ್ರಮ ಸಾರ್ಥಕ ಆಗೋದು ಈ ಒಂದು ನಿಯಮದಿಂದ.

ಪಟ್ಟಿ ತುಂಬಿದ ಮೇಲೆ ಸ್ಪಿನ್‌ಗೆ ಹಾಕಿ, ಪ್ರೋಟೋಕಾಲ್‌ನಲ್ಲಿ ತಪ್ಪು ಹುಡುಕೋ ತಂತ್ರಾಂಶ ಅದು. ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಝ್‌ಮನ್ ಮಾಡಿದ್ದು, 1991ರಿಂದ ಉಚಿತ. ಅದರ ಭಾಷೆ ಪ್ರೊಮೆಲಾ, ನಿಮ್ಮ ಪಟ್ಟಿ ಅದರಲ್ಲಿ ಒಂದೆರಡು ಪುಟ ಆಗಬಹುದು. ಸಂದೇಶ ಕಳೆದುಹೋಗಬಹುದಾದ ಚಾನೆಲ್ (ನಿಮ್ಮ ತಂತಿಯ ಬದಲಿ) ಬರೆದ್ರೆ ಸಾಧ್ಯ ಇರೋ ದಾರಿಗಳನ್ನೆಲ್ಲ ತಡಕಿ, ಎಲ್ಲಿ ಸಿಕ್ಕಿಹಾಕ್ಕೊಳ್ತೀರಿ ಅಂತ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತೆ. ಚಾನೆಲ್‌ನಲ್ಲಿ ಒಂದೆರಡು ಸಂದೇಶಕ್ಕಿಂತ ಹೆಚ್ಚು ಜಾಗ ಇಡಬೇಡಿ, ಮೆಮೊರಿ ಸಾಲಲ್ಲ. ಮತ್ತೆ ಪ್ರೊಮೆಲಾದ ಟೈಮ್‌ಔಟ್ ಪದ ನಂಬಬೇಡಿ: ಬೇರೆ ಯಾರೂ ಮುಂದೆ ಹೋಗೋಕೆ ಆಗದಿದ್ದಾಗ ಮಾತ್ರ ಅದು ನಿಜ ಆಗುತ್ತೆ. ನಿಮ್ಮ ಗಡಿಯಾರ ಅವಸರಪಟ್ಟು, ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ಮತ್ತೆ ಕಳಿಸಿಬಿಡೋ ಪ್ರಸಂಗ ಅದರಲ್ಲಿ ಬರೋದೇ ಇಲ್ಲ. "ಯಾವಾಗ ಬೇಕಾದ್ರೂ ಮತ್ತೆ ಕಳಿಸಬಹುದು" ಅಂತಲೇ ಬರೀರಿ.

ಪಟ್ಟಿ ತುಂಬಿ ಇಲ್ಲೇ ಹಾಕಿ, ನೋಡ್ತೀನಿ. ರೀಸೆಟ್ ಕಂಬ ಮೊದಲು ತುಂಬಿ.