ಅಂಗಳಕ್ಕೆ ಸಿಮೆಂಟ್ ಹಾಕಿಸುವ ಮೊದಲು
ಓದುಗರ ಪ್ರಶ್ನೆ – ಉತ್ತರ

ಪ್ರಶ್ನೆ: ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಏಳು ಮನೆಗಳಿವೆ. ಬೀದಿಯಿಂದ ನೋಡಿದವರಿಗೆ ಎರಡು ಅಂಗಡಿಗಳ ನಡುವಿನ ಕಿರಿದಾದ ಬಾಗಿಲು ಮಾತ್ರ ಕಾಣುತ್ತದೆ. ಒಳಗೆ 30 ಅಡಿ ಉದ್ದ, 20 ಅಡಿ ಅಗಲದ ಮಣ್ಣಿನ ಅಂಗಳವಿದೆ. ಅದರಲ್ಲಿ ತುಳಸಿಕಟ್ಟೆ, ಒಂದು ಪಾರಿಜಾತ, ಒಂದು ಕರಿಬೇವು, ಒಗೆಯುವ ಕಲ್ಲಿನ ಪಕ್ಕದಲ್ಲಿ ಬಾಳೆಯ ಹಿಂಡಲು ಇವೆ. ಮಳೆಗಾಲದಲ್ಲಿ ಕೆಸರಾಗುತ್ತದೆ, ಸೊಳ್ಳೆ ಹೆಚ್ಚು, ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ ಎಂಬ ಕಾರಣಗಳನ್ನು ಕೊಟ್ಟು ಮಾಲೀಕರ ಮಗ ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಲು ಹೊರಟಿದ್ದಾರೆ. ಬಾಡಿಗೆಗಿರುವ ನಾವು ಅವರಿಗೆ ಏನೆಂದು ಹೇಳಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮಾಲೀಕರ ಬಳಿ ಮಾತನಾಡುವಾಗ ಹೂವಿನ ಚೆಲುವಿನಿಂದ ಆರಂಭಿಸಬೇಡಿ, ಅವರ ಗೋಡೆಯಿಂದ ಆರಂಭಿಸಿ. ನಿಮ್ಮ ವಠಾರ ಹಳೆಯದಾಗಿದ್ದರೆ ಅದರ ಗೋಡೆಗಳು ಬಹುಮಟ್ಟಿಗೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಅಂಥ ಗೋಡೆ ನೆಲದ ತೇವವನ್ನು ಅಷ್ಟಿಷ್ಟು ಹೀರುತ್ತದೆ, ಬಿಸಿಲು ಬಿದ್ದಾಗ ಅದನ್ನು ಹೊರಗೆ ಬಿಡುತ್ತದೆ. ಗೋಡೆಯ ಬುಡದವರೆಗೂ ಸಿಮೆಂಟ್ ಹಾಸಿಬಿಟ್ಟರೆ ಅಂಗಳದ ಮಣ್ಣಿನಲ್ಲಿದ್ದ ತೇವಕ್ಕೆ ಮೇಲೆ ಬರುವ ದಾರಿ ತಪ್ಪಿ, ಅದು ಪಕ್ಕದ ಗೋಡೆಯನ್ನೇ ಹಿಡಿದು ಏರತೊಡಗುತ್ತದೆ. ನಾನು ಹುಟ್ಟಿ ಬೆಳೆದ ವಠಾರದಲ್ಲಿ ಇದೇ ನಡೆಯಿತು. ಅಂಗಳಕ್ಕೆ ಸಿಮೆಂಟ್ ಬಿದ್ದ ಮೇಲಿನ ಎರಡನೆಯ ಮಳೆಗಾಲದಲ್ಲಿ ನಮ್ಮ ದೇವರ ಮನೆಯ ಗೋಡೆ ಮೊಣಕಾಲಿನ ಎತ್ತರದವರೆಗೆ ಒದ್ದೆಯಾಗಿ, ಸುಣ್ಣ ಹಪ್ಪಳದಂತೆ ಎದ್ದು, ಬೆರಳು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ನನ್ನ ತಾಯಿ ಪ್ರತಿ ಶುಕ್ರವಾರ ಆ ಪುಡಿಯನ್ನು ಗುಡಿಸಿ ಅದೇ ಜಾಗದಲ್ಲಿ ಮತ್ತೆ ರಂಗೋಲಿ ಎಳೆಯುತ್ತಿದ್ದರು. ಮೂರು ಬಾರಿ ಹೊಸದಾಗಿ ಗಾರೆ ಮಾಡಿಸಿದರೂ ಆ ಗೋಡೆ ಸರಿಹೋಗಲಿಲ್ಲ. ಅಂಗಳದ ಸಿಮೆಂಟಿಗೆ ಆದ ಖರ್ಚಿಗಿಂತ ಗೋಡೆಗೆ ಆದ ಖರ್ಚೇ ಹೆಚ್ಚಾಯಿತೆಂದು ಮಾಲೀಕರೇ ಒಪ್ಪಿಕೊಂಡರು. ಅಷ್ಟರಲ್ಲಿ ಅಂಗಳದ ನಂದಿಬಟ್ಟಲು ಹೋಗಿಯಾಗಿತ್ತು.

ಎರಡನೆಯದು ನೀರಿನ ಲೆಕ್ಕ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಿಮ್ಮ ಅಂಗಳ 600 ಚದರಡಿ, ಅಂದರೆ ಸುಮಾರು 56 ಚದರ ಮೀಟರ್. ಹಾಗಾಗಿ ಚಾವಣಿಯ ನೀರನ್ನು ಬಿಟ್ಟು ಬರೀ ಅಂಗಳದ ಮೇಲೆಯೇ ವರ್ಷಕ್ಕೆ ಸುಮಾರು 54,000 ಲೀಟರ್ ನೀರು ಬೀಳುತ್ತದೆ. 6,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಇದು ಒಂಬತ್ತು ಟ್ಯಾಂಕರ್. ಇದರಲ್ಲಿ ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಗಿಡಗಳು ಕುಡಿಯುತ್ತವೆ, ಉಳಿದದ್ದು ಇಂಗುತ್ತದೆ. ಸಿಮೆಂಟ್ ಹಾಕಿದ ದಿನದಿಂದ ಈ ನೀರಿನ ಬಹುಪಾಲು ನಿಮ್ಮ ಕಿರಿದಾದ ಬಾಗಿಲಿನ ಮೂಲಕವೇ ಬೀದಿಯ ಚರಂಡಿಗೆ ಹೋಗಬೇಕು. ಚರಂಡಿ ತುಂಬಿದ ದಿನ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ.

ಹಾಗೆಂದು ಮಾಲೀಕರ ಮಗ ಹೇಳುವ ತೊಂದರೆಗಳು ಸುಳ್ಳಲ್ಲ, ಅವನ್ನು ತಳ್ಳಿಹಾಕಬೇಡಿ. ಕೆಸರಿಗೆ ಪರಿಹಾರ ಚಪ್ಪಡಿ ಕಲ್ಲು. ಹೆಬ್ಬಾಗಿಲಿನಿಂದ ಪ್ರತಿ ಮನೆಯ ಹೊಸ್ತಿಲವರೆಗೆ ಮೂರಡಿ ಅಗಲದ ದಾರಿಗೆ ಮಾತ್ರ ಮರಳಿನ ಹಾಸಿನ ಮೇಲೆ ಚಪ್ಪಡಿ ಕೂರಿಸಿ, ಸಂದುಗಳಿಗೆ ಸಿಮೆಂಟ್ ತುಂಬದೆ ಮರಳನ್ನೇ ತುಂಬಿ. ಸಂದಿನಲ್ಲಿ ಹುಲ್ಲು ಬಂದರೆ ಬರಲಿ. ಗೋಡೆಯ ಬುಡದ ಉದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಕಿ, ಅಂಗಳದ ಇಳಿಜಾರು ಗೋಡೆಯಿಂದ ದೂರಕ್ಕೆ, ಗಿಡಗಳ ಪಾತಿಯ ಕಡೆಗೆ ಇರುವಂತೆ ನೋಡಿಕೊಳ್ಳಿ. ಹೆಬ್ಬಾಗಿಲಿನ ಪಕ್ಕದಲ್ಲಿ ಆರಡಿಗೆ ಹತ್ತಡಿಯಷ್ಟು ಜಾಗಕ್ಕೆ ಇದೇ ಬಗೆಯ ಚಪ್ಪಡಿ ಹಾಸಿದರೆ ಮೂರು ಸ್ಕೂಟರ್ ನಿಲ್ಲುತ್ತವೆ. ಅಷ್ಟನ್ನು ಬಿಟ್ಟುಕೊಡುವುದು ನ್ಯಾಯವೂ ಹೌದು.

ಸೊಳ್ಳೆಯ ವಿಷಯದಲ್ಲಿ ಮಣ್ಣಿನ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ: ಕುಂಡದ ಕೆಳಗಿನ ತಟ್ಟೆ, ಮೂಲೆಗೆ ಎಸೆದ ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು, ಹಳೆಯ ಟೈರು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ, ದಿನ ಗೊತ್ತುಮಾಡಿಕೊಂಡು, ಇವೆಲ್ಲವನ್ನೂ ಬರಿದುಮಾಡಿ ಉಜ್ಜಿದರೆ ಸಾಕು. ಒಗೆಯುವ ಕಲ್ಲಿನ ನೀರು ನಿಲ್ಲದೆ ಬಾಳೆಯ ಬುಡಕ್ಕೆ ಹರಿಯಲಿ. ಬಾಳೆಯೂ ಕೆಸುವೂ ಆ ನೀರನ್ನು ತಾಳಿಕೊಳ್ಳುತ್ತವೆ, ತುಳಸಿ ತಾಳುವುದಿಲ್ಲ.

ಒಂದು ಮಾತು ಕಾನೂನಿನ ಕುರಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಗರದಲ್ಲಿ ಸ್ವಂತ ಜಾಗದ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಇದನ್ನು ಬೆದರಿಕೆಯಾಗಿ ಹೇಳಬೇಡಿ, ತಿಳಿವಳಿಕೆಯಾಗಿ ಹೇಳಿ. ಮುಂದೆಯೂ ಅದೇ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಬಾಳಬೇಕಾದವರು ನೀವು.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಅದಾದ ಆರು ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂದು ಇಕ್ಕಟ್ಟಿನ ಪೇಟೆಯ ಜನ ಕಂಗೆಟ್ಟಾಗ ಮಲ್ಲೇಶ್ವರ, ಬಸವನಗುಡಿಗಳನ್ನು ಗಾಳಿ ಬೆಳಕಿಗೆ ಒತ್ತು ಕೊಟ್ಟು ಯೋಜಿಸಿದರು. ಒಂದೇ ನಿವೇಶನದಲ್ಲಿ ಏಳೆಂಟು ಸಂಸಾರಗಳು ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುವ ವಠಾರದಲ್ಲಿ ಆ ಗಾಳಿ ಬೆಳಕಿನ ಪಾಲು ಎಲ್ಲ ಮನೆಗಳಿಗೂ ಸಿಗುವುದು ನಡುವಿನ ಅಂಗಳದಿಂದಲೇ. ಅದು ಉಳಿದ ಜಾಗವಲ್ಲ, ಉಳಿಸಿಕೊಂಡ ಜಾಗವೆಂಬುದನ್ನು ನಿಮ್ಮ ಮಾಲೀಕರಿಗೆ ನೆನಪಿಸಿ.

ಪ್ರಶ್ನೆ: ನಮ್ಮ ಅಂಗಳದ ದಕ್ಷಿಣಕ್ಕೆ ನಾಲ್ಕು ಮಹಡಿಯ ಕಟ್ಟಡ ಎದ್ದ ಮೇಲೆ ಮಲ್ಲಿಗೆ ಹೂ ಬಿಡುವುದನ್ನೇ ನಿಲ್ಲಿಸಿದೆ. ಗೊಬ್ಬರ ಹೆಚ್ಚಿಸಿದರೂ ಬರೀ ಎಲೆ ಬರುತ್ತಿದೆ. ಏನು ಮಾಡಲಿ?
– ಮಲ್ಲೇಶ್ವರದ ಓದುಗರು

ಉತ್ತರ: ಗೊಬ್ಬರವನ್ನು ನಿಲ್ಲಿಸಿ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಬಿಸಿಲಿಲ್ಲದೆ ಗೊಬ್ಬರ ಸುರಿದರೆ ನೀವು ಕಂಡಂತೆ ಎಲೆಯೇ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷದಲ್ಲಿ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಈ ಎರಡರ ನಡುವೆ ಅವನು ಮಧ್ಯಾಹ್ನ ಸ್ವಲ್ಪ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕಿರುತ್ತಾನೆ. ಡಿಸೆಂಬರ್ ಕೊನೆಯ ವಾರದಲ್ಲಿ ನಡು ಮಧ್ಯಾಹ್ನ 20 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಸುಮಾರು 15 ಅಡಿ ಚಾಚುತ್ತದೆ. 45 ಅಡಿಯ ಕಟ್ಟಡದ ನೆರಳು 33 ಅಡಿ. ಅಂದರೆ ನಿಮ್ಮ ಮಲ್ಲಿಗೆ ಆ ಕಟ್ಟಡದಿಂದ 33 ಅಡಿಯೊಳಗಿದ್ದರೆ ಚಳಿಗಾಲದ ನಡು ಮಧ್ಯಾಹ್ನದಲ್ಲಿ ಅದಕ್ಕೆ ನೇರ ಬಿಸಿಲು ಸಿಗುವುದಿಲ್ಲ. ಮಲ್ಲಿಗೆಯನ್ನು ಕುಂಡಕ್ಕೆ ಬದಲಾಯಿಸಿ ತಾರಸಿಗೆ ಒಯ್ಯಿರಿ. ಬೇರು ಹರಿಯದಂತೆ ಮಣ್ಣಿನ ಹೆಂಟೆಯ ಸಮೇತ ಎತ್ತಿ, ಕೊಂಬೆಗಳನ್ನು ಮೊಳದುದ್ದಕ್ಕೆ ಸವರಿ, ಮೊದಲ ಹತ್ತು ದಿನ ಅರೆನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ ಸರಿಸಿ.

ಅಂಗಳದಲ್ಲಿ ತೆರವಾದ ಜಾಗಕ್ಕೆ ನೆರಳನ್ನು ಒಪ್ಪುವ ಗಿಡಗಳು ನಮ್ಮಲ್ಲಿಯೇ ಬೇಕಾದಷ್ಟಿವೆ. ಮುಡಿಗೆ ಹೂ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಕನಕಾಂಬರವನ್ನು, ಏಕೆಂದರೆ ಅದು ಅರೆನೆರಳಿನಲ್ಲಿ ಚೆನ್ನಾಗಿಯೇ ಹೂ ಬಿಡುತ್ತದೆ. ನಂದಿಬಟ್ಟಲಿಗೂ ಅರ್ಧ ದಿನದ ಬೆಳಕು ಸಾಕು. ವೀಳ್ಯದೆಲೆಯ ಬಳ್ಳಿಗೆ ನೆರಳೂ ತಂಪೂ ಬೇಕೇ ಬೇಕು. ಹಳೆಯ ಗೋಡೆಗೆ ತಾಗದಂತೆ ಒಂದು ಕಂಬ ನೆಟ್ಟು ಹಬ್ಬಿಸಿ. ನೀರಿನ ನಲ್ಲಿಯ ಬಳಿ, ಸದಾ ತೇವವಿರುವ ಕಡೆ ಒಂದೆಲಗ ತಾನಾಗಿ ಹರಡಿಕೊಳ್ಳುತ್ತದೆ, ತಂಬುಳಿಗೆ ಪೇಟೆಗೆ ಹೋಗಬೇಕಾಗಿಲ್ಲ. ಅರಿಶಿನ, ಶುಂಠಿ, ದೊಡ್ಡಪತ್ರೆ ಕೂಡ ಬರುತ್ತವೆ. ತುಳಸಿಗೆ ಮಾತ್ರ ನೆರಳಿನಲ್ಲಿ ಹಿಂಸೆ. ಕಟ್ಟೆ ಇದ್ದಲ್ಲಿಯೇ ಇರಲಿ, ಗಿಡವನ್ನು ಎರಡು ಕುಂಡಗಳಲ್ಲಿ ಬೆಳೆಸಿ, ತಾರಸಿಯಲ್ಲಿ ಬಿಸಿಲು ಕಂಡದ್ದನ್ನು ವಾರಕ್ಕೊಮ್ಮೆ ಕೆಳಕ್ಕೆ ತಂದು ಅದಲು ಬದಲು ಮಾಡಿ.

ಪ್ರಶ್ನೆ: ವಠಾರದ ಅಂಗಳದ ಬಾವಿಯನ್ನು ಇಪ್ಪತ್ತು ವರ್ಷದ ಹಿಂದೆ ಕಲ್ಲುಚಪ್ಪಡಿ ಹಾಕಿ ಮುಚ್ಚಿದ್ದಾರೆ. ತೆರೆಯುವುದರಿಂದ ಪ್ರಯೋಜನವಿದೆಯೇ?
– ಬಸವನಗುಡಿಯ ಓದುಗರು

ಉತ್ತರ: ಇದೆ, ಆದರೆ ನೀವಾಗಿ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಬಹುಕಾಲ ಮುಚ್ಚಿದ ಬಾವಿಯಲ್ಲಿ ಉಸಿರುಕಟ್ಟಿಸುವ ಗಾಳಿ ತುಂಬಿರಬಹುದು. ಬೆಂಗಳೂರಿನಲ್ಲಿ ತಲೆತಲಾಂತರದಿಂದ ಬಾವಿ ತೋಡುವ, ಹೂಳೆತ್ತುವ ಕಸುಬಿನ ಮಣ್ಣುವಡ್ಡರು ಇಂದಿಗೂ ಇದ್ದಾರೆ. ಈ ಕೆಲಸವನ್ನು ಅವರಿಗೇ ಒಪ್ಪಿಸಿ, ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಹೂಳೆತ್ತಿದ ಮೇಲೆ ಚಾವಣಿಯ ನೀರನ್ನು ಬಾವಿಗೆ ಬಿಡಬಹುದು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಹರಿಯಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನ ಪದರಗಳ ಮೂಲಕ ಸೋಸಿ ಒಳಕ್ಕೆ ಕಳಿಸಬೇಕು. ಜಲಮಂಡಳಿ ಕಾಯ್ದೆಗೆ ಬಂದ 2009ರ ತಿದ್ದುಪಡಿಯಂತೆ ಬೆಂಗಳೂರಿನಲ್ಲಿ 2,400 ಚದರಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ, ಬಾವಿ ತೆರೆದರೆ ನಿಮ್ಮ ಮಾಲೀಕರ ಆ ಹೊಣೆಯೂ ಬಹುಮಟ್ಟಿಗೆ ತೀರಬಹುದು. ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ, ಅದರ ಮೇಲೆ ಸೊಳ್ಳೆಪರದೆ, ನೀರಿನಲ್ಲಿ ನಾಲ್ಕಾರು ಗಪ್ಪಿ ಮೀನು ಇರಲಿ. ಈ ನೀರು ಗಿಡಕ್ಕೆ, ಒಗೆತಕ್ಕೆ ಸರಿ. ಪರೀಕ್ಷೆ ಮಾಡಿಸದೆ ಕುಡಿಯಬೇಡಿ.

ಪ್ರಶ್ನೆ: ನಮ್ಮ ಅಂಗಳದ ಪಾರಿಜಾತಕ್ಕಾಗಿ ಮನೆ ಮನೆಗಳ ನಡುವೆ ಜಗಳವಾಗುತ್ತಿದೆ. ಒಬ್ಬರು ನಸುಕಿನಲ್ಲೇ ಎದ್ದು ಎಲ್ಲವನ್ನೂ ಒಯ್ಯುತ್ತಾರೆ, ಗುಡಿಸುವ ಸರದಿ ಬಂದಾಗ ಮಾತ್ರ ಅವರಿಗೆ ಬಿಡುವಿರುವುದಿಲ್ಲ.
– ಹೆಸರು ಬೇಡವೆಂದ ಓದುಗರು

ಉತ್ತರ: ಜಗಳವಾಗುವಷ್ಟು ಆ ಮರ ನಿಮಗೆಲ್ಲ ಬೇಕಾಗಿದೆ ಎಂಬುದೇ ನನಗೆ ಸಮಾಧಾನ ತಂದಿತು. ಎರಡು ಸರದಿಗಳನ್ನು ಒಂದಾಗಿಸಿ: ಯಾರ ಮನೆಯವರು ಅಂದು ಅಂಗಳ ಗುಡಿಸಿ ನೀರು ಚಿಮುಕಿಸುತ್ತಾರೋ ಮರುದಿನದ ಹೂವಿನ ಮೊದಲ ಬೊಗಸೆ ಅವರದು, ಉಳಿದದ್ದು ಎಲ್ಲರದು. ಬೇರೆ ಹೂವಾದರೆ ಗಿಡದಿಂದ ಕೀಳಬೇಕು. ಪಾರಿಜಾತವನ್ನು ಮಾತ್ರ ನೆಲಕ್ಕೆ ಬಿದ್ದ ಮೇಲೂ ಆಯ್ದು ದೇವರಿಗೆ ಏರಿಸುತ್ತೇವೆ, ಆದ್ದರಿಂದ ಅದು ಬೀಳುವ ನೆಲ ಶುದ್ಧವಾಗಿರಬೇಕು. ರಾತ್ರಿ ಮಲಗುವ ಮುಂಚೆ ಮರದ ಕೆಳಗೆ ಒಗೆದ ಹಳೆಯ ಪಂಚೆಯೊಂದನ್ನು ಹಾಸಿಡಿ. ಬೆಳಗಾಗುವಷ್ಟರಲ್ಲಿ ಕೇಸರಿ ತೊಟ್ಟಿನ ಬಿಳಿ ಹೂಗಳು ಮಣ್ಣು ತಾಗದೆ ಅದರ ಮೇಲೆ ಬಿದ್ದಿರುತ್ತವೆ. ನಾಲ್ಕು ಮೂಲೆ ಹಿಡಿದು ಎತ್ತಿ, ಬಾಗಿಲಿನಿಂದ ಬಾಗಿಲಿಗೆ ಹಂಚಿಕೊಂಡು ಬರುವ ಕೆಲಸವನ್ನು ವಠಾರದ ಮಕ್ಕಳಿಗೆ ಕೊಡಿ.