ಅಜ್ಜನ ಟ್ರಂಕಲ್ಲಿ ಸಿಕ್ಕ ಬದುವಿನ ಫೋಟೋಗಳು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಮ್ದು ಗುಡಿಬಂಡೆ ತಾಲ್ಲೂಕಿನ ಒಂದು ಹಳ್ಳಿ. ಹಳೇ ಮನೆ ಕೆಡವುವಾಗ ಅಟ್ಟದ ಮೇಲಿದ್ದ ಅಜ್ಜನ ಟ್ರಂಕಲ್ಲಿ ಒಂದು 35 ಕಪ್ಪುಬಿಳುಪು ಫೋಟೋ ಸಿಕ್ವು, ಎಲ್ಲಾ ಚೌಕ, ಬೆಂಕಿಪಟ್ಟಣಕ್ಕಿಂತ ಸ್ವಲ್ಪ ದೊಡ್ಡವು ಅಷ್ಟೆ. ಮದುವೆ ನಾಮಕರಣ ಏನೂ ಇಲ್ಲ, ಬರೀ ಹೊಲ, ಮಂಕರಿ ಹೊತ್ತಿರೋ ಹೆಂಗಸ್ರು, ಗುದ್ದಲಿ ಹಿಡಿದವ್ರು, ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಏನೋ ಇಟ್ಕೊಂಡು ಬಗ್ಗಿ ನೋಡ್ತಿರೋ ಒಬ್ರು, ಒಂದ್ರಲ್ಲಿ ರಾಗಿ ಕಣ, ಇನ್ನೊಂದ್ರಲ್ಲಿ ಬಾವಿ ಹತ್ರ ಜೋಡಿ ಎತ್ತು. ಒಂದು ಫೋಟೋದಲ್ಲಿ ಬೋರ್ಡ್ ಇದೆ, ಅರ್ಧ ಮಾತ್ರ ಕಾಣತ್ತೆ, ‘...ಸೂರು ರಾಜ್ಯ’ ಅಂತ, ಕೆಳಗೆ ದುಡ್ಡಿನ ಲೆಕ್ಕದ ಕೊನೇಲಿ ‘ನ.ಪೈ.’ ಅಂತ. ಅಗೆದಿರೋ ಗುಂಡಿ ಮಧ್ಯೆ ಮಣ್ಣಿನ ಕಂಬದ ತರ ಒಂದು ನಿಂತಿದೆ, ಅದೇನು ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಇದು ಯಾವ ಕಾಲದ್ದು, ಏನು ಕೆಲಸ ನಡೀತಿದೆ? ಎಲ್ಲಾನೂ ಲ್ಯಾಮಿನೇಷನ್ ಮಾಡ್ಸಿಬಿಡೋಣ ಅಂತಿದೀವಿ, ಸರಿನಾ?

ಉತ್ತರ: ಕೊನೇ ಪ್ರಶ್ನೆಗೆ ಮೊದ್ಲು ಹೇಳ್ಬಿಡ್ತೀನಿ, ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ. ಈ ತರ ಕಪ್ಪುಬಿಳುಪು ಪ್ರಿಂಟಲ್ಲಿ ಚಿತ್ರ ಇರೋದು ಕಾಗದದ ಮೇಲಿನ ತೆಳ್ಳನೆ ಜೆಲಾಟಿನ್ ಪದರದಲ್ಲಿ, ಅದ್ರೊಳಗೆ ಸಣ್ಣ ಸಣ್ಣ ಬೆಳ್ಳಿ ಕಣ, ಅದಕ್ಕೆ ಬಿಸಿ ಕೊಟ್ಟು ಅಂಟು ಹಚ್ಚಿದ್ರೆ ಮುಗೀತು, ಆಮೇಲೆ ಯಾವ ತಜ್ಞ ಬಂದ್ರೂ ಬಿಡಿಸಕ್ಕಾಗಲ್ಲ. ಈಗಾಗ್ಲೇ ಒಂದೆರಡು ಮಾಡ್ಸಿದ್ರೆ ಹಾಗೇ ಬಿಡಿ, ಕಿತ್ತು ನೋಡೋಕೆ ಹೋಗ್ಬೇಡಿ.

ಈಗ ಕಾಲದ ವಿಷಯ. ನಿಮ್ಮ ಬೋರ್ಡ್ ಅರ್ಧ ಕಂಡ್ರೂ ಎಷ್ಟು ಹೇಳ್ತಿದೆ ನೋಡಿ. ‘ಮೈಸೂರು ರಾಜ್ಯ’ ಅಂತಿದ್ರೆ 1973ರ ನವೆಂಬರ್ 1ಕ್ಕಿಂತ ಮುಂಚಿಂದು, ಅವತ್ತೇ ಅಲ್ವಾ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು. ‘ನ.ಪೈ.’ ಅಂದ್ರೆ ನಯೇ ಪೈಸೆ, ಆಣೆ ಹೋಗಿ ಪೈಸೆ ಬಂದಿದ್ದು 1957ರ ಏಪ್ರಿಲ್ 1ಕ್ಕೆ, ಆ ‘ನಯೇ’ ಅನ್ನೋದನ್ನ ಬಿಟ್ಟಿದ್ದು 1964ರ ಜೂನ್‌ಲ್ಲಿ. ಹಾಗಾಗಿ ಆ ಬೋರ್ಡ್ 1957ರಿಂದ 64ರ ಒಳಗಿಂದು ಅಂತ ಧೈರ್ಯವಾಗಿ ಹೇಳ್ಬಹುದು, ಅಭ್ಯಾಸಬಲದಿಂದ ಒಂದೆರಡು ವರ್ಷ ಆಮೇಲೂ ಹಾಗೇ ಬರೆದಿರಬಹುದು, ಅದಕ್ಕಿಂತ ಆಚೆಗೆ ಕಷ್ಟ. ಫೋಟೋ ಚೌಕ ಇರೋದಕ್ಕೂ ಇದು ಹೊಂದತ್ತೆ, 120 ರೋಲ್ ಹಾಕೋ ಬಾಕ್ಸ್ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ ಬರ್ತಿತ್ತು, ಒಂದೊಂದೂ 6 ಸೆಂಟಿಮೀಟರ್ ಚೌಕ, ನೆಗೆಟಿವ್‌ನ ದೊಡ್ಡದು ಮಾಡದೆ ನೇರ ಕಾಗದದ ಮೇಲಿಟ್ಟು ಪ್ರಿಂಟ್ ಹಾಕಿದ್ರೆ ನಿಮ್ಮ ಫೋಟೋ ಸೈಜೇ ಬರೋದು. ಹಿಂದುಗಡೆ ತಿರುಗ್ಸಿ ನೋಡಿದ್ರಾ? ‘ಆಗ್ಫಾ ಗೇವರ್ಟ್’ ಅಂತ ಎರಡೂ ಹೆಸರು ಸೇರಿ ಅಚ್ಚಾಗಿದ್ರೆ ಆ ಕಾಗದ 1964 ಆದ್ಮೇಲಿಂದು, ಆ ಎರಡು ಕಂಪನಿ ಒಂದಾಗಿದ್ದೇ ಆಗ.

ಇನ್ನೊಂದು ಗುಟ್ಟು ಹೇಳ್ತೀನಿ, ಗಿಡಗಳನ್ನ ನೋಡಿ. ಪಾರ್ಥೇನಿಯಂ, ನಮ್ಮ ಕಡೆ ಕಾಂಗ್ರೆಸ್ ಗಿಡ ಅಂತೀವಲ್ಲ, ಅದು ಈ ದೇಶದಲ್ಲಿ ಕಳೆಯಾಗಿ ಮೊದ್ಲು ಕಣ್ಣಿಗೆ ಬಿದ್ದಿದ್ದು 1950ರ ದಶಕದ ಮಧ್ಯಭಾಗದಲ್ಲಿ, ಪುಣೆ ಕಡೆ, ಆಮೇಲೇ ಎಲ್ಲಾ ಕಡೆ ಹಬ್ಬಿದ್ದು. ಬದು ಮೇಲೆ ಬಿಳಿ ಹೂವಿನ ಆ ಗಿಡ ದಟ್ಟವಾಗಿದ್ರೆ ಫೋಟೋ ತುಂಬಾ ಹಳೇದಲ್ಲ. ಹಿಂದೆ ಸಾಲಾಗಿ ನೀಲಗಿರಿ ತೋಪು ಕಂಡ್ರೆ ಬಹುಶಃ 80ರ ದಶಕ ಅಥವಾ ಅದ್ರಾಚೆ, ಸಾಮಾಜಿಕ ಅರಣ್ಯ ಅಂತ ರಾಗಿ ಬೆಳೀತಿದ್ದ ಹೊಲಕ್ಕೆಲ್ಲಾ ನೀಲಗಿರಿ ಬಂದಿದ್ದು ಆಗ. ಗಾಡಿ ಚಕ್ರ ಮರದ್ದಾ ಟೈರಾ, ಎತ್ತು ನಾಟಿದಾ, ಮನೆ ಮೇಲೆ ಮಾಳಿಗೆನಾ ಹೆಂಚಾ ಕಲ್ಲುಚಪ್ಪಡಿನಾ, ಒಂದೊಂದೂ ಒಂದೊಂದು ಸುಳಿವು. ನಿಮ್ಮ ತಾಲ್ಲೂಕು ಆಗ ಕೋಲಾರ ಜಿಲ್ಲೆಗೆ ಸೇರಿತ್ತು ಅನ್ನೋದು ನೆನಪಿರ್ಲಿ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ಇನ್ಯಾವ್ದಾದ್ರೂ ಫೋಟೋದಲ್ಲಿ ಕೋಲಾರ ಅಂತಿದ್ರೆ ಬೇರೆ ಊರಿಂದು ಅಂತ ಪಕ್ಕಕ್ಕೆ ಇಡ್ಬೇಡಿ.

ಏನು ಕೆಲಸ ಅನ್ನೋದೇ ನಂಗೆ ಜಾಸ್ತಿ ಖುಷಿ ಕೊಟ್ಟಿದ್ದು. ಅದು ಬದು ಹಾಕೋ ಕೆಲಸ, ಮಣ್ಣು ಕೊಚ್ಕೊಂಡು ಹೋಗ್ದಂಗೆ ತಡೆಯೋದು. ಮೂರು ಕಾಲಿನ ಸ್ಟ್ಯಾಂಡ್ ಮೇಲಿರೋದು ಮಟ್ಟ ನೋಡೋ ದುರ್ಬೀನು, ಬಗ್ಗಿ ನೋಡ್ತಿರೋರು ಸರ್ವೆಯವ್ರು, ಅದೇ ಫೋಟೋದಲ್ಲಿ ದೂರದಲ್ಲಿ ಒಬ್ಬ ಉದ್ದ ಕೋಲು ನೆಟ್ಟಗೆ ಹಿಡ್ಕೊಂಡು ನಿಂತಿದಾನಾ ನೋಡಿ, ಇದ್ದೇ ಇರ್ತಾನೆ. ನಿಮ್ಮ ಕಡೆ ಕೆಂಪು ಮಣ್ಣು, ವರ್ಷದ ಮಳೆ ಸುಮಾರು 700 ಮಿಲಿಮೀಟರ್, ಅದ್ರಲ್ಲೂ ದೊಡ್ಡ ಮಳೆ ಬರೋದು ಸೆಪ್ಟೆಂಬರ್ ಆಸುಪಾಸು ನಾಲ್ಕಾರು ದಿನ ರಭಸವಾಗಿ. ಕೆಂಪು ಮಣ್ಣಿನ ಮೇಲ್ಪದರ ಮಳೆ ಹೊಡೆತಕ್ಕೆ ಹೆಪ್ಪುಗಟ್ಟತ್ತೆ, ನೀರು ಒಳಗೆ ಇಳಿಯೋಕೆ ಮುಂಚೆ ಹರಿದು ಹೋಗತ್ತೆ, ಹೋಗ್ತಾ ಗೊಬ್ಬರದ ಮಣ್ಣನ್ನೇ ಎತ್ಕೊಂಡು ಹೋಗತ್ತೆ, ಅದು ಹೋಗಿ ಕೂರೋದು ಕೆರೇಲಿ. ಅದಕ್ಕೇ ಬೇಸಿಗೆಯಲ್ಲಿ ಕೆರೆ ಒಣಗಿದಾಗ ನಮ್ಮೋರು ಗಾಡಿ ಕಟ್ಕೊಂಡು ಹೋಗಿ ಗೋಡು ಹೊಡ್ಕೊಂಡು ಬಂದು ಮತ್ತೆ ಹೊಲಕ್ಕೆ ಹಾಕ್ತಿದ್ದಿದ್ದು. ಬದು ಅಂದ್ರೆ ಆ ಹರಿಯೋ ನೀರಿಗೆ ಹೊಲದಲ್ಲೇ ಒಂದು ನಿಲುಗಡೆ.

ಆ ಮಣ್ಣಿನ ಕಂಬ ಇದ್ಯಲ್ಲ, ಅದೇ ಸಾಕ್ಷಿಗುಡ್ಡೆ. ಈಗ ರಾಜಕೀಯದವ್ರು ಭಾಷಣದಲ್ಲಿ ಬಳಸೋ ಮಾತು, ಮಣ್ಣು ಕೆಲಸದಲ್ಲಿ ಅದು ನಿಜವಾದ ಗುಡ್ಡೆ. ಬದುವಿಗೆ ಮಣ್ಣು ಅಗೀತಾ ಹೋಗ್ವಾಗ ಗುಂಡಿ ನಡುವೆ ಒಂದು ಕಡೆ ಅಗೀದೆ ಹಾಗೇ ಬಿಡೋರು, ನೆತ್ತಿ ಮೇಲೆ ಹಳೇ ಹುಲ್ಲು ಗರಿಕೆ ಇನ್ನೂ ಹಾಗೇ ಇರತ್ತೆ, ಅಂದ್ರೆ ನೆಲದ ಮೊದಲಿನ ಮಟ್ಟ ಅದು. ಅಳತೆಗೆ ಬರೋರು ಆ ಗುಡ್ಡೆ ಪಕ್ಕ ಕೋಲು ಇಟ್ಟು ಎಷ್ಟಾಳ ಅಗೆದಿದಾರೆ ನೋಡಿ, ಉದ್ದ ಅಗಲ ಗುಣಿಸಿ, ಘನ ಅಡಿ ಲೆಕ್ಕದಲ್ಲಿ ಕೂಲಿ ಕೊಡೋರು. ಗುಡ್ಡೆ ಕುಸಿದು ಬಿದ್ರೆ ಆಳಕ್ಕೆ ಸಾಕ್ಷಿ ಇಲ್ಲ, ಕೂಲಿಗೇ ಕತ್ತರಿ. ಆ ಫೋಟೋನ ಭೂತಗನ್ನಡಿ ಇಟ್ಟು ನೋಡಿ, ಗುಡ್ಡೆ ನೆತ್ತಿ ಮೇಲೆ ಹುಲ್ಲಿನ ಎಳೆ ಕಾಣ್ಬೇಕು. ಗುಂಡಿ ಒಳಗೆ ನಿಂತಿರೋರ ಮೊಣಕಾಲಿಗೆ ಬರ್ತಿದ್ಯಾ, ಸೊಂಟಕ್ಕೆ ಬರ್ತಿದ್ಯಾ ನೋಡಿದ್ರೆ ಅವತ್ತು ಎಷ್ಟು ಕೆಲಸ ಆಗಿತ್ತು ಅನ್ನೋದು ನಿಮಗೇ ಗೊತ್ತಾಗತ್ತೆ.

ಬದುವಿನ ಆಕಾರನೂ ಗಮನಿಸಿ. ಹೊಲದ ಅಂಚಿಗೆ ನೆಟ್ಟಗೆ ಹೋಗಿದ್ರೆ ಅದು ರೈತರದ್ದೇ ಬದು, ಬಾಂದುಕಲ್ಲಿಂದ ಬಾಂದುಕಲ್ಲಿಗೆ. ಹಾವಿನ ತರ ಬಳುಕ್ಕೊಂಡು ಇವರ ಹೊಲ ಅವರ ಹೊಲ ಅನ್ನದೆ ಕತ್ತರಿಸ್ಕೊಂಡು ಹೋಗಿದ್ರೆ ಅದು ಸಮಪಾತಳಿ ಬದು, ಸರ್ಕಾರದ ಯೋಜನೇದು, ನೆಲದ ಒಂದೇ ಮಟ್ಟ ಹಿಡ್ಕೊಂಡು ಹೋಗೋದು. ಲೆಕ್ಕಕ್ಕೆ ಅದೇ ಸರಿ, ಆದ್ರೆ ರೈತರಿಗೆ ಅದ್ರಿಂದ ತಾಪತ್ರಯಾನೂ ಆಯ್ತು, ಮೂಲೇಲಿ ತ್ರಿಕೋನ ತುಂಡು ಉಳಿಯೋದು, ಉಳೋಕೆ ನೇಗಿಲು ತಿರುಗ್ಸಕ್ಕಾಗಲ್ಲ, ಬದುವಿನ ಮೇಲ್ಗಡೆ ನೀರು ನಿಂತು ಬೆಳೆ ಹಳದಿ ಆಗೋದು, ಎಷ್ಟೋ ಕಡೆ ರಾತ್ರೋರಾತ್ರಿ ಒಡೆದು ಹಾಕಿದ್ದೂ ಉಂಟು. ನಾನು ಆ ರೈತರನ್ನ ದೂರಲ್ಲ. ಅವರನ್ನ ಒಂದು ಮಾತು ಕೇಳದೆ ಅವರ ಹೊಲದಲ್ಲಿ ಗೆರೆ ಎಳೆದ್ರೆ ಇನ್ನೇನಾಗತ್ತೆ? 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು ಎರಡೂ ಜಿಲ್ಲೇಲಿ ನಡೀತಲ್ಲ, ಅಷ್ಟೊತ್ತಿಗೆ ಊರಿನ ಜನಾನ ಕೂರ್ಸಿ ಮಾತಾಡಿ ಕೆಲಸ ಮಾಡೋ ಕ್ರಮ ಬಂದಿತ್ತು. ನಿಮ್ಮ ಫೋಟೋ ಅದಕ್ಕಿಂತ 40 ವರ್ಷ ಹಿಂದಿಂದು, ಅದಕ್ಕೇ ಅದ್ರ ಬೆಲೆ.

ಬಾವಿ ಹತ್ರದ ಎತ್ತು ಅಂದ್ರಲ್ಲ, ಅದು ಕಪಿಲೆ ಇರ್ಬೇಕು. ಎತ್ತುಗಳು ಇಳಿಜಾರಲ್ಲಿ ಕೆಳಗೆ ನಡೀತಾ ಹಗ್ಗ ಎಳೆದ್ರೆ ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ತೊಟ್ಟಿಗೆ ನೀರು ಸುರಿಯೋದು, ಮತ್ತೆ ಎತ್ತು ಹಿಂದಕ್ಕೆ ಹತ್ತೋದು, ಇಳೀವಾಗ ಹೊಡೆಯೋನು ಹಗ್ಗದ ಮೇಲೆ ಕೂತು ತನ್ನ ಭಾರನೂ ಸೇರಿಸೋನು. ಈ ಫೋಟೋದಲ್ಲಿ ಇಳಿಜಾರು ಪೂರ್ತಿ ಬಂದಿದ್ರೆ ಎತ್ತಿನ ಉದ್ದಕ್ಕೆ ಹೋಲಿಸಿ ಅಳೀರಿ, ಯಾಕಂದ್ರೆ ಎತ್ತು ನಡೆಯೋ ದೂರ ಹೆಚ್ಚುಕಮ್ಮಿ ನೀರಿನ ಆಳಕ್ಕೆ ಸಮ ಇರತ್ತೆ. ಅಂದ್ರೆ ನಿಮ್ಮೂರಲ್ಲಿ ಆ ದಿನ ನೀರು ಎಷ್ಟು ಅಡೀಲಿತ್ತು ಅಂತ ಆ ಚೌಕ ಫೋಟೋ ಹೇಳ್ತಿದೆ, ಇವತ್ತು ಸಾವಿರ ಅಡಿ ಮೀರಿ ಬೋರ್ ಕೊರೆಸೋ ಸೀಮೆ ಇದು. ಕಣದ ಫೋಟೋದಲ್ಲಿ ಮೇಟಿ ಅಂದ್ರೆ ನಡುವಿನ ಕಂಬ, ರೋಣಗಲ್ಲು ಅಂದ್ರೆ ತೆನೆ ಮೇಲೆ ಉರುಳಿಸೋ ಕಲ್ಲು, ಪಕ್ಕದಲ್ಲಿ ಮೆದೆ ಅಂದ್ರೆ ಪೈರು ಒಟ್ಟಿರೋ ರಾಶಿ, ಇವನ್ನ ಗುರುತಿಸಿ ಬರ್ಕೊಳ್ಳಿ, ಈಗ ಟಾರು ರೋಡ್ ಮೇಲೆ ಹುಲ್ಲು ಹರಡೋದು ನೋಡಿ ಬೆಳೆದ ಮಕ್ಕಳಿಗೆ ಆ ಮಾತುಗಳೇ ಗೊತ್ತಿಲ್ಲ.

ನಂದೊಂದು ನೋವು ಹೇಳ್ಕೋತೀನಿ. ನಮ್ಮ ತಾತನ ಒಂದೇ ಒಂದು ಫೋಟೋ ಇತ್ತು, ಕೊರಟಗೆರೆ ಕಡೆ ನಮ್ಮ ಹೊಲದಲ್ಲಿ ಕಪಿಲೆ ಬಾವಿ ಮುಂದೆ ನಿಂತಿದ್ದು. ಅಂಚು ಹರಿದಿತ್ತು ಅಂತ ಒಂದು ಸ್ಟುಡಿಯೋಗೆ ಕೊಟ್ಟೆ, ಅವರು ತಾತನ ಮುಖ ಚೆನ್ನಾಗಿ ತಿದ್ದಿ ಹಿಂದಿದ್ದಿದ್ದೆಲ್ಲಾ ತೆಗೆದು ನೀಲಿ ಬಣ್ಣ ಬಳಿದು ಫ್ರೇಮ್ ಹಾಕಿ ಕೊಟ್ರು, ಮೂಲ ಎಲ್ಲಿ ಅಂದ್ರೆ ಎಲ್ಲೋ ಹೋಯ್ತು ಅಂದ್ರು. ಮನೇಲಿ ಎಲ್ರೂ ಚೆನ್ನಾಗಿದೆ ಅಂದ್ರು. ಮಾರನೇ ವರ್ಷ ನಮ್ಮಜ್ಜಿ ಆ ಫ್ರೇಮ್ ನೋಡಿ ‘ಬಾವಿ ಏನಾಯ್ತೋ’ ಅಂತ ಕೇಳಿದ್ದು ಇವತ್ತಿಗೂ ಕಿವೀಲಿದೆ. ಆ ಬಾವಿ ಮುಚ್ಚಿ ಹೋಗಿದೆ, ಅದಕ್ಕಿದ್ದ ಗುರುತು ಅದೊಂದೇ ಆಗಿತ್ತು. ಅದಕ್ಕೇ ಎಲ್ರಿಗೂ ಹೇಳೋದು, ಮುಖ ಮಸುಕಾಗಿದೆ ಅಂತ ಫೋಟೋ ಬಿಸಾಕ್ಬೇಡಿ, ಹಿಂದಿನ ನೆಲ ಸ್ಪಷ್ಟ ಇರಬಹುದು.

ಹಾಗಾಗಿ ನಿಮ್ಮ ಮೊದಲ ಕೆಲಸ ಸ್ಕ್ಯಾನ್ ಅಲ್ಲ, ಊರಲ್ಲಿ 75 ದಾಟಿದೋರು ಯಾರಿದಾರೆ ಪಟ್ಟಿ ಮಾಡಿ ಅವರ ಮುಂದೆ ಫೋಟೋ ಇಟ್ಟು ಕೂತ್ಕೊಳ್ಳೋದು. ಸ್ಕ್ಯಾನರ್ ಮುಂದಿನ ವರ್ಷನೂ ಸಿಗತ್ತೆ, ಅವರು ಸಿಗ್ತಾರೆ ಅಂತ ಹೇಳಕ್ಕಾಗಲ್ಲ. ಫೋನಲ್ಲಿ ರೆಕಾರ್ಡ್ ಮಾಡಿ, ನಿಮ್ಮ ಕಡೆ ತೆಲುಗಲ್ಲಿ ಹೇಳಿದ್ರೆ ತೆಲುಗಲ್ಲೇ ಬಿಡಿ, ಕನ್ನಡಕ್ಕೆ ತರೋಕೆ ಹೋಗಿ ಹೊಲದ ಹೆಸರು ಕೆಡಿಸ್ಬೇಡಿ. ಜಮೀನು ಯಾರ್ದು ಅಂತ ಎಲ್ರೂ ಹೇಳ್ತಾರೆ, ಮಂಕರಿ ಹೊತ್ತ ಹೆಂಗಸರ ಹೆಸರು ಕೇಳಿ, ಅಗೆದವರ ಹೆಸರು ಕೇಳಿ. ಮಣ್ಣು ಕೆಲಸ ನಮ್ಮ ಕಡೆ ಹೆಚ್ಚಾಗಿ ಭೋವಿ ಕುಟುಂಬಗಳು ಮಾಡ್ತಿದ್ದಿದ್ದು, ಅವರ ಮನೇಲಿ ಅಜ್ಜ ಅಜ್ಜಿಯ ಒಂದು ಫೋಟೋನೂ ಇರಲ್ಲ ಎಷ್ಟೋ ಸಲ, ನಿಮ್ಮ ಟ್ರಂಕಲ್ಲಿರೋದೇ ಅವರ ಪಾಲಿಗೂ ಇರೋದು. ಒಂದು ಪ್ರಿಂಟ್ ಹಾಕ್ಸಿ ಅವರಿಗೂ ಕೊಡಿ. ಆಮೇಲೆ ಫೋಟೋದ ನಕಲು ಹಿಡ್ಕೊಂಡು ಹೊಲಕ್ಕೆ ಹೋಗಿ, ಹಿಂದೆ ಕಾಣೋ ಗುಡ್ಡದ ಗೆರೆ ಹೊಂದಿಸಿ ಅದೇ ಜಾಗದಲ್ಲಿ ನಿಂತು ಹೊಸ ಫೋಟೋ ತೆಗೀರಿ, ಬಂಡೆ ಗುಡ್ಡ 60 ವರ್ಷಕ್ಕೆ ಬದಲಾಗಲ್ಲ, ಕ್ವಾರಿ ಆಗಿಲ್ದೆ ಇದ್ರೆ.

ಇಡೋ ವಿಷಯ ಸುಲಭ. ಕೈ ತೊಳೆದು ಒಣಗ್ಸಿ ಅಂಚಲ್ಲಿ ಮಾತ್ರ ಹಿಡೀರಿ, ನೀರು ಬಟ್ಟೆ ಏನೂ ಮುಟ್ಟಿಸ್ಬೇಡಿ, ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದ್ರೆ ಸಾಕು. ಹಿಂದೆ ಬರೀಬೇಕಾದ್ರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಬೇಡವೇ ಬೇಡ, ಒತ್ತು ಮುಂದಕ್ಕೆ ಮೂಡತ್ತೆ. ಸೆಲ್ಲೋಟೇಪು, ಅಂಟಿರೋ ಆಲ್ಬಮ್ಮು, ಪಿವಿಸಿ ಕವರ್ ಮೂರೂ ದೂರ ಇಡಿ, ಆಮ್ಲ ಇಲ್ಲದ ಕಾಗದದ ಲಕೋಟೆ ಸಿಕ್ಕಿದ್ರೆ ಒಳ್ಳೇದು. ಟ್ರಂಕು ಮತ್ತೆ ಅಟ್ಟಕ್ಕೆ ಹಾಕ್ಬೇಡಿ, ತಗಡಿನ ಕೆಳಗೆ ಬೇಸಿಗೆ ಕಾವು ಜಾಸ್ತಿ, ಗೋಡೆಗೆ ತಾಗದಂಗೆ ಮನೇಲಿ ತಂಪಾದ ಒಣ ಜಾಗದಲ್ಲಿಡಿ, ಗೆದ್ದಲು ನೋಡ್ಕೊಳ್ಳಿ. ಇಷ್ಟು ಚಿಕ್ಕ ಫೋಟೋ ಸ್ಕ್ಯಾನ್ ಮಾಡ್ಸೋದಾದ್ರೆ 1200 ಡಿಪಿಐ, ಟಿಫ್ ಫೈಲ್, ಹಿಂಬದೀನೂ ಸೇರ್ಸಿ. ಫೋನಲ್ಲೇ ತೆಗೆಯೋದಾದ್ರೆ ಜಗಲಿ ನೆರಳಲ್ಲಿ ಫ್ಲಾಶ್ ಇಲ್ದೆ, ವಾಟ್ಸಾಪಲ್ಲಿ ಕಳ್ಸುವಾಗ ಡಾಕ್ಯುಮೆಂಟ್ ಅಂತ ಕಳ್ಸಿ, ಇಲ್ಲಾಂದ್ರೆ ಸಾಕ್ಷಿಗುಡ್ಡೆ ಮೇಲಿನ ಹುಲ್ಲು ಅಳಿಸಿ ಹೋಗತ್ತೆ. ಎಐ ಆ್ಯಪಲ್ಲಿ ಬಣ್ಣ ಹಾಕ್ಸಿ ಮುಖ ಚುರುಕು ಮಾಡ್ಸೋರು ಇದಾರೆ, ಅದು ಇರೋ ಮುಖ ತೋರ್ಸಲ್ಲ, ತನಗೆ ತೋಚಿದ ಮುಖ ಕೂರ್ಸತ್ತೆ, ಮನೇಲಿ ನೋಡಿ ಸಂತೋಷ ಪಡೋಕೆ ಮಾಡ್ಕೊಂಡ್ರೂ ಮೂಲದ ಜೊತೆ ಬೆರೆಸಿ ಇಡ್ಬೇಡಿ. ಟ್ರಂಕಲ್ಲಿ ನೆಗೆಟಿವ್‌ಗಳೂ ಇದ್ದು ವಿನೆಗರ್ ವಾಸನೆ ಬರ್ತಿದ್ರೆ ಇವತ್ತೇ ಬೇರೆ ಡಬ್ಬಿಗೆ ಹಾಕಿ, ಆ ಆವಿ ಪಕ್ಕದವನ್ನೂ ಕೆಡಿಸತ್ತೆ.

ಪ್ರಶ್ನೆ: ಕೋಲಾರದಿಂದ. ಹಳೇ ಗ್ರೂಪ್ ಫೋಟೋ, ಕೆರೆ ಏರಿ ಮೇಲೆ ಊರೋರೆಲ್ಲಾ ನಿಂತಿರೋದು, ಅಂಚಲ್ಲಿ ಕನ್ನಡಿ ತರ ನೀಲಿ ಹೊಳಪು ಬಂದಿದೆ, ಒರೆಸಬಹುದಾ?

ಉತ್ತರ: ಒರೆಸ್ಬೇಡಿ, ಅದು ಕೊಳೆ ಅಲ್ಲ, ಚಿತ್ರದೊಳಗಿನ ಬೆಳ್ಳಿನೇ ತೇವ ಮತ್ತು ಕೆಟ್ಟ ಗಾಳಿಗೆ ಮೇಲಕ್ಕೆ ಬಂದು ನಿಂತಿರೋದು, ಒರೆಸಿದ್ರೆ ಚಿತ್ರನೇ ಹೋಗತ್ತೆ. ಬೆಳಕು ಓರೆಯಾಗಿ ಬೀಳೋ ಹಾಗೆ ಇಟ್ಟು ಫೋಟೋ ತೆಗೆದ್ರೆ ಹೊಳಪಿನ ಕೆಳಗಿರೋರೂ ಕಾಣ್ತಾರೆ. ಏರಿ ಪಕ್ಕ ನೀರೊಳಗೆ ಎರಡು ಕಲ್ಲುಕಂಬ ನಿಂತು ಮೇಲೆ ಅಡ್ಡಚಪ್ಪಡಿ ಕಂಡ್ರೆ ಅದು ತೂಬು, ಕೆರೆಯಿಂದ ನೀರು ಬಿಡೋ ಜಾಗ, ನೀರು ಕಂಬದಲ್ಲಿ ಎಲ್ಲಿಗೆ ಬಂದಿತ್ತು ಅಂತ ಗುರುತು ಮಾಡ್ಕೊಳ್ಳಿ, ಆ ಗುಂಪಲ್ಲಿ ನೀರುಗಂಟಿ, ಅಂದ್ರೆ ಹೊಲಗಳಿಗೆ ನೀರು ಬಿಡೋನು, ಯಾರು ಅಂತಾನೂ ಕೇಳಿ.

ಪ್ರಶ್ನೆ: ಸಿರಾ ತಾಲ್ಲೂಕಿಂದ. 1985ರ ಜಾತ್ರೆ ಕಲರ್ ಫೋಟೋಗಳೆಲ್ಲಾ ಕೆಂಪಗಾಗಿವೆ, ಕಪ್ಪುಬಿಳುಪು ಮಾತ್ರ ಹಾಗೇ ಇವೆ, ಯಾಕೆ?

ಉತ್ತರ: ಕಲರ್ ಪ್ರಿಂಟಲ್ಲಿರೋದು ಬೆಳ್ಳಿ ಅಲ್ಲ, ಮೂರು ಬಣ್ಣದ ಡೈ. ಆ ಕಾಲದ ಕಾಗದಗಳಲ್ಲಿ ಹಸಿರುನೀಲಿ ಡೈ ಕತ್ತಲಲ್ಲಿಟ್ರೂ ಮೊದ್ಲು ಮಾಸೋದು, ಉಳಿದಿದ್ದು ಕೆಂಪಾಗಿ ಕಾಣತ್ತೆ. ಹೋದ ಬಣ್ಣ ಕಾಗದಕ್ಕೆ ವಾಪಸ್ ಬರಲ್ಲ, ಸ್ಕ್ಯಾನಲ್ಲಿ ಸಾಕಷ್ಟು ಸರಿ ಮಾಡ್ಬಹುದು, ಆದ್ರೆ ತಡ ಮಾಡಿದಷ್ಟೂ ಕಷ್ಟ. ನಿಮ್ಮ ಮನೇಲಿ ಎರಡೂ ಇದ್ರೆ ಕಲರ್‌ದೇ ಮೊದ್ಲು ಸ್ಕ್ಯಾನ್ ಮಾಡ್ಸಿ, ಕಪ್ಪುಬಿಳುಪು ಇನ್ನೊಂದಷ್ಟು ದಿನ ಕಾಯತ್ತೆ.